ನಮ್ಮ ಕೆರೆ ಸಾಯ್ತಿದೆಯಾ, ಬರೀ ಸುಸ್ತಾಗಿದೆಯಾ?

ಪ್ರಶ್ನೆ: ನಾವು ಹತ್ತು ಜನ ಸೇರಿ ಆರು ವರ್ಷದಿಂದ ಒಂದು ಕೆರೆಯನ್ನು ನೋಡಿಕೊಳ್ಳುತ್ತಿದ್ದೇವೆ. ಆಳ ಹೆಚ್ಚೆಂದರೆ ಎರಡೂವರೆ ಮೀಟರ್. ಹಿರಿಯರ ಪ್ರಕಾರ ಹಿಂದೆ ತಳ ಕಾಣುತ್ತಿತ್ತಂತೆ, ನೀರೊಳಗೆ ಗಿಡ ದಟ್ಟವಾಗಿತ್ತಂತೆ. ಈಗ ನೀರು ಗಾಢ ಹಸಿರು. ಮೊಣಕೈವರೆಗೆ ಕೈ ಮುಳುಗಿಸಿದರೆ ಬೆರಳು ಕಾಣುವುದಿಲ್ಲ. ಗಿಡ ಒಂದೂ ಇಲ್ಲ. ಕಳೆದ ಎರಡು ಬೇಸಿಗೆಯಲ್ಲಿ ಬೆಳಗಿನ ಜಾವ ಮೀನು ಸತ್ತು ತೇಲಿದವು. ಆದರೆ ಹಕ್ಕಿಗಳು ಮೊದಲಿಗಿಂತ ಜಾಸ್ತಿ ಬರುತ್ತಿವೆ, ಅದೊಂದು ಸಮಾಧಾನ. ನಮ್ಮಲ್ಲೇ ಒಬ್ಬರು ‘ಇನ್ನು ಐದು ವರ್ಷ, ಅಷ್ಟೇ’ ಅನ್ನುತ್ತಾರೆ. ಇನ್ನೊಬ್ಬರು ‘ಪ್ರಕೃತಿ ತಾನೇ ಸರಿ ಮಾಡಿಕೊಳ್ಳುತ್ತೆ, ಸುಮ್ನೆ ಗಾಬರಿ ಬೇಡ’ ಅನ್ನುತ್ತಾರೆ. ಯಾರನ್ನು ನಂಬೋದು? ಕುಸಿತದ ಅಪಾಯವನ್ನು ಅಳೆಯೋಕೆ ಲೆಕ್ಕ ಅಂತ ಏನಾದರೂ ಇದೆಯಾ? ಮಳೆ ಬಂದ ಮೇಲೆ ಮೀನು ಮರಿ ಬಿಡೋಣ ಅಂತ ಕೆಲವರು ಹಠ ಹಿಡಿದಿದ್ದಾರೆ. ಬಿಡಬಹುದಾ?

ಉತ್ತರ: ಹಕ್ಕಿಗಳು ಜಾಸ್ತಿಯಾಗಿವೆ ಅಂತ ನೀವು ಸಮಾಧಾನಪಟ್ಟಿದ್ದೀರಿ. ಇಡೀ ಪತ್ರದಲ್ಲಿ ನನಗೆ ಹೆಚ್ಚು ಕಳವಳ ತಂದದ್ದು ಆ ಸಾಲೇ.

ಯಾಕೆ ಅಂತ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೊಂದು ಕೆರೆಯ ವರದಿ ಬರೆದಿದ್ದೆ. ಮೂರು ವರ್ಷ ಹಕ್ಕಿ ಎಣಿಸಿದ್ದೆವು, ಪ್ರತಿ ವರ್ಷವೂ ಸಂಖ್ಯೆ ಏರಿತ್ತು. ‘ಕೆರೆ ಚೆನ್ನಾಗಿದೆ’ ಅಂತ ಬರೆದು ಕೈ ತೊಳೆದುಕೊಂಡೆ. ಮರುವರ್ಷ ಹೋಗಿ ನೋಡಿದರೆ ಹಸಿರು ಗಂಜಿ! ಆಮೇಲೆ ಕೂತು ಯೋಚಿಸಿದಾಗ ಅರ್ಥವಾಯಿತು. ಹೂಳು ತುಂಬಿ ಕೆರೆಯ ಆಳ ಕಡಿಮೆಯಾಗಿತ್ತು. ಆಮ್ಲಜನಕ ಸಾಲದೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಕೊಕ್ಕರೆಗಳಿಗೆ ಕೂತಲ್ಲೇ ಊಟ. ಕೆರೆಯ ಕಾಯಿಲೆಯನ್ನೇ ನಾನು ಆರೋಗ್ಯ ಅಂತ ಓದಿದ್ದೆ.

ಇದೇ ತಪ್ಪನ್ನು ಒಂದು ದೇಶ ಸಮುದ್ರದಲ್ಲಿ ಮಾಡಿತು. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಲ್ಲಿ ಕಾಡ್ ಮೀನು ಶತಮಾನಗಳಿಂದ ಸಿಗುತ್ತಿತ್ತು. ಸಂಖ್ಯೆ ಇಳಿಯುತ್ತಾ ಬಂದಾಗಲೂ ದೊಡ್ಡ ಟ್ರಾಲರ್‌ಗಳ ಬಲೆ ತುಂಬುತ್ತಲೇ ಇತ್ತು. ಉಳಿದ ಮೀನುಗಳು ಒಂದೆರಡು ಕಡೆ ಗುಂಪಾಗಿ ಸೇರಿಕೊಂಡಿದ್ದವು, ದೋಣಿಗಳು ನೇರ ಅಲ್ಲಿಗೇ ಹೋಗುತ್ತಿದ್ದವು. ಬಲೆ ನೋಡಿದವರಿಗೆ ಕಡಲು ತುಂಬಿದೆ ಅನ್ನಿಸಿತು. 1992ರಲ್ಲಿ ಮೀನುಗಾರಿಕೆ ಪೂರ್ತಿ ನಿಲ್ಲಿಸಬೇಕಾಯಿತು. ಸುಮಾರು 30,000 ಜನ ಕೆಲಸ ಕಳೆದುಕೊಂಡರು. ಎರಡು ವರ್ಷಕ್ಕೆ ಅಂತ ತಂದ ನಿಷೇಧ 2024ರವರೆಗೆ ಎಳೆಯಿತು.

ಹಾಗಾದರೆ ‘ಐದು ವರ್ಷ’ ಅಂದವರೇ ಸರಿಯಾ? ಅವರೂ ಅಲ್ಲ. ಕುಸಿತಕ್ಕೆ ತಾರೀಖು ಹೇಳುವಷ್ಟು ಮಾಹಿತಿ ನಿಮ್ಮ ಹತ್ತಿರ ಇಲ್ಲ, ಯಾವ ತಜ್ಞರ ಹತ್ತಿರವೂ ಸಾಮಾನ್ಯವಾಗಿ ಇರುವುದಿಲ್ಲ. ಇನ್ನೊಂದು ವಿಷಯ, ‘ಕೆರೆ ಸಾಯುತ್ತೆ’ ಅನ್ನುವ ಮಾತೇ ದಾರಿ ತಪ್ಪಿಸುತ್ತದೆ. ಕುಸಿದ ಕೆರೆಯಲ್ಲೂ ಜೀವ ಧಾರಾಳವಾಗಿರುತ್ತದೆ. ಪಾಚಿ ಇರುತ್ತದೆ, ಸೊಳ್ಳೆ ಇರುತ್ತದೆ, ಗಟ್ಟಿಮುಟ್ಟಾದ ಒಂದೆರಡು ಜಾತಿಯ ಮೀನೂ ಇರುತ್ತದೆ. ನಾವು ಕುಸಿತ ಅನ್ನುವುದು ಆ ವ್ಯವಸ್ಥೆ ತನ್ನ ಗುರುತನ್ನೇ ಕಳೆದುಕೊಂಡು ಬೇರೆ ಏನೋ ಆದಾಗ. ಮಧ್ಯ ಏಷ್ಯಾದ ಅರಾಲ್ ಸಮುದ್ರ 1960ರಲ್ಲಿ ಸುಮಾರು 68,000 ಚದರ ಕಿಲೋಮೀಟರ್ ಇತ್ತು. ಹತ್ತಿ ಬೆಳೆಗೆ ಅಂತ ಅಮು ದರ್ಯಾ, ಸಿರ್ ದರ್ಯಾ ನದಿಗಳ ನೀರು ತಿರುಗಿಸಿದರು. ನೀರು ಬತ್ತಿತು, ಉಪ್ಪು ಹಲವು ಪಟ್ಟು ಏರಿತು, ಅಲ್ಲಿನ ಮೂಲ ಮೀನುಗಳು ಹೋದವು. ಇವತ್ತಿಗೂ ಅಲ್ಲಿ ಸ್ವಲ್ಪ ನೀರಿದೆ, ಉಪ್ಪು ತಡೆಯುವ ಜೀವಿಗಳಿವೆ. ಆದರೂ ತಜ್ಞರು ಅದನ್ನು ‘ಕುಸಿದದ್ದು’ ಅಂತಲೇ ಪಟ್ಟಿ ಮಾಡಿದ್ದಾರೆ. ಅಲ್ಲೀಗ ಇರುವುದು ಹಳೇ ಅರಾಲ್ ಅಲ್ಲ.

ನಿಮ್ಮ ಕೆರೆಯಲ್ಲಿ ಏನು ನಡೆದಿರಬಹುದು ಅಂತ ಈಗ ಬಿಡಿಸಿ ಹೇಳುತ್ತೇನೆ. ಇದು ಸರಿಯಾಗಿ ತಿಳಿದರೆ ‘ಪ್ರಕೃತಿ ತಾನೇ ಸರಿ ಮಾಡಿಕೊಳ್ಳುತ್ತೆ’ ಅನ್ನುವ ಮಾತಿನಲ್ಲಿ ಎಷ್ಟು ನಿಜ ಅನ್ನುವುದೂ ತಿಳಿಯುತ್ತದೆ.

ಆಳ ಕಡಿಮೆ ಇರುವ ಕೆರೆಗೆ ಎರಡು ಸ್ಥಿತಿ ಇರುತ್ತದೆ. ಒಂದು ತಿಳಿನೀರು, ಇನ್ನೊಂದು ಕದಡು ನೀರು. ಎರಡೂ ತಮ್ಮನ್ನು ತಾವೇ ಕಾಪಾಡಿಕೊಳ್ಳುತ್ತವೆ. ತಿಳಿನೀರಲ್ಲಿ ಬೆಳಕು ತಳ ಮುಟ್ಟುತ್ತದೆ, ಗಿಡ ಬೆಳೆಯುತ್ತದೆ. ಬೇರುಗಳು ಕೆಸರು ಹಿಡಿದಿಡುತ್ತವೆ. ಗಿಡಗಳ ಸಂದಿಯಲ್ಲಿ ಡ್ಯಾಫ್ನಿಯಾದಂಥ ಪುಟ್ಟ ನೀರುಚಿಗಟಗಳು ಮೀನಿನ ಕಣ್ಣು ತಪ್ಪಿಸಿ ಬದುಕುತ್ತವೆ, ಪಾಚಿಯನ್ನು ಸೋಸಿ ತಿನ್ನುತ್ತವೆ. ನೀರು ತಿಳಿಯಾಗೇ ಉಳಿಯುತ್ತದೆ. ಈಗ ಚರಂಡಿ ನೀರೋ ಗೊಬ್ಬರದ ನೀರೋ ಸೇರಿ ಪಾಚಿಗೆ ಗೊಬ್ಬರವಾಗುವ ರಂಜಕ (ಫಾಸ್ಫರಸ್) ಹೆಚ್ಚಿತು ಅಂದುಕೊಳ್ಳಿ. ಮೊದಮೊದಲು ಏನೂ ಕಾಣುವುದಿಲ್ಲ, ಗಿಡಗಳು ತಡೆದುಕೊಳ್ಳುತ್ತವೆ. ಒಂದು ಹಂತ ದಾಟಿದ ಮೇಲೆ ಪಾಚಿ ಬೆಳಕನ್ನು ಮುಚ್ಚುತ್ತದೆ, ಗಿಡ ಸಾಯುತ್ತದೆ, ಕೆಸರು ಬಿಚ್ಚಿಕೊಳ್ಳುತ್ತದೆ, ಚಿಗಟಗಳಿಗೆ ಅಡಗಲು ಜಾಗ ಇಲ್ಲ. ತಳ ಕೆದಕಿ ತಿನ್ನುವ ಮೀನುಗಳು ಉಳಿದ ಕೆಲಸ ಮುಗಿಸುತ್ತವೆ. ಇನ್ನು ಮೇಲೆ ಕದಡು ನೀರೇ ಕದಡು ನೀರನ್ನು ಸಾಕುತ್ತದೆ.

ಬೆಳಗಿನ ಜಾವವೇ ಮೀನು ಸಾಯುವುದಕ್ಕೂ ಕಾರಣ ಇದರಲ್ಲೇ ಇದೆ. ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿಯಿಡೀ ಎಲ್ಲರ ಜೊತೆ ಅದೂ ಉಸಿರಾಡಿ ಖಾಲಿ ಮಾಡುತ್ತದೆ. ಸೂರ್ಯ ಹುಟ್ಟುವ ಮುಂಚೆ ನೀರಲ್ಲಿ ಆಮ್ಲಜನಕ ತೀರಾ ತಳ ಕಂಡಿರುತ್ತದೆ. ಯಾರೋ ವಿಷ ಹಾಕಿದರು ಅನ್ನುವ ಅನುಮಾನ ಇಂಥ ಕಡೆ ಯಾವಾಗಲೂ ಹುಟ್ಟುತ್ತದೆ. ಒಮ್ಮೊಮ್ಮೆ ಅದೂ ನಿಜ ಇರಬಹುದು. ಆದರೆ ಬೇಸಿಗೆ, ಹಸಿರು ನೀರು, ಬೆಳಗಿನ ಜಾವ ಈ ಮೂರೂ ಸೇರಿದರೆ ನಾನು ಮೊದಲು ನೋಡುವುದು ಆಮ್ಲಜನಕವನ್ನೇ. ಅಂದಹಾಗೆ, ಗಾಢ ಹಸಿರು ನೀರಲ್ಲಿ ನೀಲಿ-ಹಸಿರು ಪಾಚಿ ಇದ್ದರೆ ಅದು ವಿಷ ಬಿಡಬಲ್ಲದು. ಪರೀಕ್ಷೆ ಆಗುವವರೆಗೆ ಮಕ್ಕಳನ್ನು ಇಳಿಸಬೇಡಿ, ದನ ನಾಯಿಗಳಿಗೂ ಕುಡಿಸಬೇಡಿ.

ಕೆರೆಯನ್ನು ಕೆಡಿಸಿದಷ್ಟು ಸುಲಭವಾಗಿ ಸರಿ ಮಾಡೋಕೆ ಆಗುವುದಿಲ್ಲ. ನೆದರ್ಲೆಂಡ್ಸ್‌ನ ವೆಲುವೆ ಎಂಬ ಕಡಿಮೆ ಆಳದ ಕೆರೆಯಲ್ಲಿ ರಂಜಕ ಏರಿ 1960ರ ದಶಕದ ಕೊನೆಗೆ ನೀರೊಳಗಿನ ಗಿಡ ಹೋದವು. ಆಮೇಲೆ ರಂಜಕ ಇಳಿಸಿದರು. ಗಿಡ ಯಾವ ಮಟ್ಟದಲ್ಲಿ ಹೋಗಿತ್ತೋ ಆ ಮಟ್ಟಕ್ಕೆ ಇಳಿದರೂ ವಾಪಸ್ ಬರಲಿಲ್ಲ. ಇನ್ನೂ ಎಷ್ಟೋ ಕೆಳಗೆ ಇಳಿಸಬೇಕಾಯಿತು. ಅಷ್ಟು ವರ್ಷ ಕೆಸರಲ್ಲಿ ಕೂತ ರಂಜಕ ಹೊರಗಿಂದ ಬರುವುದು ನಿಂತ ಮೇಲೂ ಒಳಗಿಂದ ಬಿಡುಗಡೆಯಾಗುತ್ತಲೇ ಇರುತ್ತದೆ.

ಇದಕ್ಕೆ ಎದುರಾದ ಕಥೆಯೂ ಇದೆ. ಅಮೆರಿಕದ ಸಿಯಾಟಲ್ ಪಕ್ಕದ ವಾಷಿಂಗ್ಟನ್ ಸರೋವರಕ್ಕೆ ಸೇರುತ್ತಿದ್ದ ಕೊಳಚೆಯನ್ನು 1963ರಿಂದ 1968ರ ನಡುವೆ ಬೇರೆ ಕಡೆಗೆ ತಿರುಗಿಸಿದರು. ಕೆಲವೇ ವರ್ಷದಲ್ಲಿ ನೀರು ತಿಳಿಯಾಯಿತು. ‘ಪ್ರಕೃತಿ ತಾನೇ ಸರಿ ಮಾಡಿಕೊಳ್ಳುತ್ತೆ’ ಅನ್ನುವವರು ಇಂಥದ್ದನ್ನೇ ಎತ್ತಿ ತೋರಿಸುತ್ತಾರೆ. ಆದರೆ ಅದು ಆಳವಾದ ಸರೋವರ, ಮತ್ತು ಅಲ್ಲಿ ಕೊಳಚೆ ನಿಲ್ಲಿಸಿದರು. ಸುಮ್ನೆ ಕೂತು ಕಾಯಲಿಲ್ಲ, ಅಲ್ವಾ?

ಲೆಕ್ಕದ ವಿಷಯಕ್ಕೆ ಬರೋಣ. ಲೆಕ್ಕ ಇದೆ. ಯಾವ ಪ್ರಾಣಿ-ಸಸ್ಯಕ್ಕೆ ಅಳಿಯುವ ಅಪಾಯ ಎಷ್ಟಿದೆ ಅಂತ ಕೆಂಪು ಪಟ್ಟಿ ಮಾಡುವ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2014ರಲ್ಲಿ ಪರಿಸರ ವ್ಯವಸ್ಥೆಗಳಿಗೂ ಅಂಥದ್ದೇ ಪಟ್ಟಿಯ ನಿಯಮಗಳನ್ನು ಒಪ್ಪಿಕೊಂಡಿತು. ಐದು ಪ್ರಶ್ನೆ ಕೇಳುತ್ತಾರೆ. ವಿಸ್ತಾರ ಎಷ್ಟು ಕಡಿಮೆಯಾಗಿದೆ? ಉಳಿದ ಜಾಗ ಒಂದೇ ಏಟಿಗೆ ಹೋಗುವಷ್ಟು ಚಿಕ್ಕದಾ? ನೀರು, ಮಣ್ಣು, ಉಪ್ಪು, ತಾಪ ಇಂಥವು ಎಷ್ಟು ಕೆಟ್ಟಿವೆ? ಜೀವಿಗಳ ನಡುವಿನ ಸಂಬಂಧ ಎಷ್ಟು ಹರಿದಿದೆ? ಮಾದರಿ ಕಟ್ಟಿ ಲೆಕ್ಕ ಹಾಕಿದರೆ ಕುಸಿಯುವ ಸಂಭವ ಎಷ್ಟು? ಐದರಲ್ಲಿ ಯಾವುದರ ಉತ್ತರ ಅತಿ ಕೆಟ್ಟದ್ದೋ ಅದೇ ಕೊನೆಯ ಅಂಕ. ನಾಲ್ಕರಲ್ಲಿ ಪಾಸು, ಒಂದರಲ್ಲಿ ಫೇಲು ಅಂದರೆ ಫೇಲೇ. ಸರಾಸರಿ ತೆಗೆಯುವುದಿಲ್ಲ. ನನಗೆ ಈ ನಿಯಮದಲ್ಲಿ ತುಂಬಾ ಹಿಡಿಸಿದ್ದು ಇದು. ವಿಸ್ತಾರ ಒಂದಿಂಚೂ ಕಡಿಮೆಯಾಗದೆ ಒಳಗೆ ಪೂರ್ತಿ ಕೆಟ್ಟ ಕೆರೆಗಳನ್ನು ಎಷ್ಟೋ ನೋಡಿದ್ದೇನೆ.

ನಿಮಗೆ ಬೇಕಾದದ್ದು ಮೂರನೇ ಪ್ರಶ್ನೆ. ಇದಕ್ಕೆ ಒಂದು ಸರಳ ಲೆಕ್ಕ ಇದೆ. ಮೊದಲು ಎಷ್ಟಿತ್ತು, ಈಗ ಎಷ್ಟಿದೆ, ಎಷ್ಟಕ್ಕೆ ಇಳಿದರೆ ‘ಕುಸಿಯಿತು’ ಅನ್ನುತ್ತೀರಿ ಈ ಮೂರು ಅಂಕಿ ಸಾಕು. ನೀರಿನ ತಿಳಿತನವನ್ನೇ ತೆಗೆದುಕೊಳ್ಳಿ. ಹಿಂದೆ 200 ಸೆಂಟಿಮೀಟರ್‌ವರೆಗೆ ಕಾಣುತ್ತಿತ್ತು, ಈಗ 50 ಅಂತಿಟ್ಟುಕೊಳ್ಳಿ. 30ಕ್ಕೆ ಇಳಿದರೆ ಗಿಡ ಮರಳುವ ಆಸೆ ಇಲ್ಲ ಅಂತ ಗೆರೆ ಎಳೆಯಿರಿ. ಈ ಅಂಕಿಗಳು ಬರೀ ಉದಾಹರಣೆಗೆ. ಕಳೆದುಕೊಳ್ಳಬಹುದಾದದ್ದು 170, ಕಳೆದುಕೊಂಡದ್ದು 150. ಅಂದರೆ ಕುಸಿತದ ದಾರಿಯಲ್ಲಿ ಶೇ. 88 ಸವೆದಿದೆ. ಕಳೆದ 50 ವರ್ಷದಲ್ಲಿ, ಶೇ. 80ಕ್ಕಿಂತ ಹೆಚ್ಚು ಜಾಗದಲ್ಲಿ, ಶೇ. 80ಕ್ಕಿಂತ ಹೆಚ್ಚು ಕೆಟ್ಟಿದ್ದರೆ ಅದು ‘ಅತಿ ಗಂಭೀರ ಅಪಾಯ’ದ ವರ್ಗ.

ಈಗ ಸಣ್ಣ ಚಮತ್ಕಾರ ನೋಡಿ. ಯಾರೋ ಬಂದು ‘30 ಅಲ್ಲ, 10ಕ್ಕೆ ಇಳಿದರೆ ಮಾತ್ರ ಕುಸಿತ’ ಅಂದರು. ಆಗ 190ರಲ್ಲಿ 150, ಶೇ. 79. ಕೆರೆ ಅದೇ, ನೀರು ಅದೇ, ವರ್ಗ ಮಾತ್ರ ಒಂದು ಮೆಟ್ಟಿಲು ಇಳಿದು ಬರೀ ‘ಅಪಾಯ’ ಆಯಿತು. ಇನ್ನೊಬ್ಬರು ‘ನಾವು ಆರು ವರ್ಷದ ಹಿಂದೆ ಬಂದಾಗಲೇ 65 ಇತ್ತು, ಅಲ್ಲಿಂದ ಎಣಿಸೋಣ’ ಅಂದರು. ಗೆರೆ ಮತ್ತೆ 30ಕ್ಕೇ ಇದ್ದರೂ 35ರಲ್ಲಿ 15, ಶೇ. 43. ‘ದುರ್ಬಲ’ ಅನ್ನುವ ವರ್ಗಕ್ಕೆ ಇಳಿಯಿತು! ಮೀನುಗಾರಿಕೆಯ ವಿಜ್ಞಾನಿ ಡೇನಿಯಲ್ ಪಾಲಿ 1995ರಲ್ಲಿ ಈ ರೋಗಕ್ಕೆ ಹೆಸರಿಟ್ಟರು, ಜಾರುವ ಅಳತೆಗೋಲು ಅಂತ ಕನ್ನಡದಲ್ಲಿ ಹೇಳಬಹುದು. ಪ್ರತಿ ತಲೆಮಾರೂ ತಾನು ಕಣ್ಣು ಬಿಟ್ಟಾಗ ಕಂಡದ್ದನ್ನೇ ‘ಸಹಜ’ ಅಂದುಕೊಳ್ಳುತ್ತದೆ.

ಅದಕ್ಕೇ ನಿಮ್ಮ ಹಿರಿಯರ ನೆನಪನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ‘ತಳ ಕಾಣುತ್ತಿತ್ತು’ ಅಂದರೆ ಎಲ್ಲಿ, ಎಷ್ಟು ನೀರಲ್ಲಿ, ಯಾವ ತಿಂಗಳು, ಯಾವ ವರ್ಷದವರೆಗೆ ಅಂತ ಒಬ್ಬೊಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿ. ಹಳೇ ಫೋಟೋ ಹುಡುಕಿ. ಮದುವೆ ಫೋಟೋದ ಹಿನ್ನೆಲೆಯಲ್ಲಿ ಸಿಕ್ಕ ಕೆರೆಯ ಅಂಚು ಒಮ್ಮೆ ನನ್ನ ಇಡೀ ವರದಿಯನ್ನು ಉಳಿಸಿತ್ತು. ಇನ್ನೊಂದು ಎಚ್ಚರಿಕೆ. ಕೆಂಪು ಪಟ್ಟಿಯಲ್ಲಿ ಸಾಮಾನ್ಯವಾಗಿ ಅಳೆಯುವುದು ಒಂದು ಬಗೆಯ ವ್ಯವಸ್ಥೆಯನ್ನು, ಅಂದರೆ ಒಂದು ಪ್ರದೇಶದ ಅಂಥ ಎಲ್ಲ ಕೆರೆಗಳನ್ನು ಒಟ್ಟಾಗಿ. ನಿಮ್ಮ ಒಂದು ಕೆರೆಗೆ ಲೆಕ್ಕದ ದಾರಿಯನ್ನು ಎರವಲು ಪಡೆಯಿರಿ. ‘ಐಯುಸಿಎನ್ ಪ್ರಕಾರ ಗಂಭೀರ’ ಅಂತ ಬೋರ್ಡ್ ಹಾಕಬೇಡಿ.

ಈ ಲೆಕ್ಕದ ಕಣ್ಣಿಗೆ ಬೀಳದ ಒಂದು ಸಂಗತಿಯೂ ಇದೆ. ಜಮೈಕಾದ ಹವಳ ದಿಬ್ಬಗಳಲ್ಲಿ ಪಾಚಿ ಮೇಯುವ ಮೀನುಗಳನ್ನು ಜನ ಬಹಳ ಹಿಂದೆಯೇ ಹಿಡಿದು ಖಾಲಿ ಮಾಡಿದ್ದರು. ಹವಳಕ್ಕೆ ಏನೂ ಆಗಲಿಲ್ಲ. ಮುಳ್ಳು ಚೆಂಡಿನಂಥ ಸೀ ಅರ್ಚಿನ್‌ಗಳು ಮೀನುಗಳ ಕೆಲಸವನ್ನು ಸದ್ದಿಲ್ಲದೆ ವಹಿಸಿಕೊಂಡಿದ್ದವು. 1980ರಲ್ಲಿ ಚಂಡಮಾರುತ ಬಡಿಯಿತು. 1983ರಲ್ಲಿ ರೋಗ ಬಂದು ಅರ್ಚಿನ್‌ಗಳು ಬಹುಪಾಲು ಸತ್ತವು. ಮೇಯುವವರೇ ಇಲ್ಲ! 1977ರಲ್ಲಿ ತಳದ ಅರ್ಧದಷ್ಟು ಭಾಗವನ್ನು ಹೊದ್ದಿದ್ದ ಹವಳ 1990ರ ದಶಕದ ಆರಂಭಕ್ಕೆ ಶೇ. 3ರ ಆಸುಪಾಸಿಗೆ ಇಳಿಯಿತು, ಉಳಿದ ಜಾಗ ಪಾಚಿಯದ್ದು. ರೋಗ ಬಂದದ್ದರಿಂದ ಕುಸಿಯಿತು ಅಂತ ಹೇಳುವುದು ಅರ್ಧ ಸತ್ಯ. ಅದಕ್ಕೆ ಎಷ್ಟೋ ಮೊದಲೇ ಆಸರೆಗಳು ಒಂದೊಂದಾಗಿ ಕಳಚಿದ್ದವು, ಕೊನೆಯ ಕಂಬ ನಿಂತಿತ್ತು ಅಷ್ಟೇ. ನಾಲ್ಕನೇ ಪ್ರಶ್ನೆ, ಸಂಬಂಧ ಎಷ್ಟು ಹರಿದಿದೆ ಅನ್ನುವುದು, ಹುಟ್ಟಿದ್ದು ಇಂಥದ್ದನ್ನು ಹಿಡಿಯಲಿಕ್ಕೇ. ನಿಮ್ಮ ಕೆರೆಯಲ್ಲಿ ಪಾಚಿ ತಿನ್ನುವವರು ಯಾರು ಉಳಿದಿದ್ದಾರೆ? ಚಿಕ್ಕ ಮೀನನ್ನು ತಿನ್ನುವ ದೊಡ್ಡ ಮೀನು ಇದೆಯಾ? ಹಕ್ಕಿ ಎಣಿಸುವ ಅರ್ಧ ಸಮಯ ಇದಕ್ಕೆ ಕೊಡಿ.

ಮುನ್ಸೂಚನೆ ಸಿಗುತ್ತದಾ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಒಮ್ಮೊಮ್ಮೆ ಸಿಗುತ್ತದೆ. ಅಮೆರಿಕದ ಮಿಷಿಗನ್‌ನಲ್ಲಿ ಪೀಟರ್ ಲೇಕ್ ಎಂಬ ಪುಟ್ಟ ಕೆರೆಗೆ ವಿಜ್ಞಾನಿಗಳು ಬೇಕಂತಲೇ ಸ್ವಲ್ಪ ಸ್ವಲ್ಪವಾಗಿ ಬೇಟೆಗಾರ ಮೀನು ಬಿಟ್ಟು ಆಹಾರ ಜಾಲವನ್ನು ಬುಡಮೇಲು ಮಾಡಿದರು. ಪಕ್ಕದ ಕೆರೆಯನ್ನು ಹೋಲಿಕೆಗೆ ಅಂತ ಹಾಗೇ ಬಿಟ್ಟರು. ಬದಲಾವಣೆ ಪೂರ್ತಿಯಾಗುವ ಒಂದು ವರ್ಷಕ್ಕೂ ಮೊದಲೇ ಅಂಕಿಗಳಲ್ಲಿ ಏರುಪೇರು ಹೆಚ್ಚಿತ್ತು. 2011ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. ವ್ಯವಸ್ಥೆ ಅಂಚಿಗೆ ಬಂದಾಗ ಸಣ್ಣ ಪೆಟ್ಟಿನಿಂದ ಚೇತರಿಸಿಕೊಳ್ಳಲೂ ಹೆಚ್ಚು ದಿನ ಬೇಕಾಗುತ್ತದೆ, ವಯಸ್ಸಾದವರಿಗೆ ನೆಗಡಿ ಬಂದ ಹಾಗೆ. ಆದರೆ ಪ್ರತಿ ಕುಸಿತವೂ ಹೀಗೆ ಮೊದಲೇ ಹೇಳಿ ಬರುವುದಿಲ್ಲ. ಸೂಚನೆ ಕಾಣಲಿಲ್ಲ ಅಂದರೆ ಕ್ಷೇಮ ಅಂತ ಅರ್ಥವಲ್ಲ.

ನಿಮ್ಮ ಕೆರೆ ಬಹುಶಃ ಅಂಚಿನ ಹತ್ತಿರ ಇಲ್ಲ, ಅಂಚು ದಾಟಿ ಆಚೆ ಬಿದ್ದಿದೆ. ಗಿಡ ಒಂದೂ ಇಲ್ಲ ಅಂದಿರಲ್ಲ, ಅದರಿಂದ ಹೇಳುತ್ತಿದ್ದೇನೆ. ಕಣ್ಣಾರೆ ನೋಡದೆ ಇದಕ್ಕಿಂತ ಗಟ್ಟಿಯಾಗಿ ಹೇಳಲಾರೆ. ಆದರೆ ಕಥೆ ಮುಗಿದಿಲ್ಲ. ಅರಾಲ್‌ನಲ್ಲೇ ಉತ್ತರದ ಚಿಕ್ಕ ಭಾಗಕ್ಕೆ 2005ರಲ್ಲಿ ಒಡ್ಡು ಕಟ್ಟಿ ಮುಗಿಸಿದ ಮೇಲೆ ನೀರು ಏರಿತು, ಉಪ್ಪು ಇಳಿಯಿತು, ಮೀನುಗಾರರು ಮತ್ತೆ ದೋಣಿ ಇಳಿಸಿದರು. ದಕ್ಷಿಣ ಭಾಗಕ್ಕೆ ಆ ಭಾಗ್ಯ ಬರಲಿಲ್ಲ.

ನಿಮ್ಮ ಮುಂದಿರುವ ದಾರಿಗಳಲ್ಲಿ ಮೊದಲನೆಯದಕ್ಕೆ ಬದಲಿ ಇಲ್ಲ. ಒಳಗೆ ಬರುವ ರಂಜಕವನ್ನು ನಿಲ್ಲಿಸಬೇಕು. ಇದರಲ್ಲಿರುವ ಅಪಾಯ ಅಂದರೆ ನಿಮ್ಮ ತಾಳ್ಮೆ ಕೆಡುವುದು. ಕೆಸರಿನ ಸಾಲ ತೀರುವವರೆಗೆ ವರ್ಷಗಟ್ಟಲೆ ಏನೂ ಬದಲಾಗದ ಹಾಗೆ ಕಾಣಬಹುದು. ಎಷ್ಟೋ ಗುಂಪುಗಳು ಈ ಹಂತದಲ್ಲೇ ಒಡೆದು ಹೋಗಿವೆ.

ಹೂಳೆತ್ತುವುದು ಎಲ್ಲರಿಗೂ ಇಷ್ಟ, ಯಂತ್ರ ಓಡಾಡುವುದು ಕಣ್ಣಿಗೆ ಕಾಣುತ್ತದೆ. ಹಳೇ ರಂಜಕ ಹೊರಹೋಗುವುದೂ ನಿಜ. ಆದರೆ ಅಂಚನ್ನೆಲ್ಲ ಕೊರೆದು ಬೋಗುಣಿ ಮಾಡಿಬಿಟ್ಟರೆ ಗಿಡ ಬೇರೂರಲು ಇಳಿಜಾರೇ ಉಳಿಯುವುದಿಲ್ಲ. ಕೆಸರಲ್ಲಿ ಮಲಗಿದ್ದ ಬೀಜಗಳೂ ಲಾರಿ ಹತ್ತಿ ಹೋಗುತ್ತವೆ. ಮಾಡಲೇಬೇಕಾದರೆ ಭಾಗ ಭಾಗವಾಗಿ, ಒಂದು ಬದಿ ಮುಟ್ಟದೆ ಮಾಡಿ.

ತಳ ಕೆದಕುವ ಮೀನುಗಳನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದು ತೆಗೆಯುವುದು ಇನ್ನೊಂದು ದಾರಿ. ಕೆಲವು ಕೆರೆಗಳು ಇದರಿಂದ ಒಂದೇ ಋತುವಿನಲ್ಲಿ ತಿಳಿಯಾಗಿವೆ. ಆದರೆ ಅರೆಮನಸ್ಸಿನಿಂದ ಮಾಡಿದರೆ ಕೆಲಸ ಆಗುವುದಿಲ್ಲ, ಉಳಿದ ಮೀನು ಬೇಗ ಮರಿ ಹಾಕಿ ಜಾಗ ತುಂಬುತ್ತವೆ. ಹೊರಗಿನ ಕೊಳಚೆ ನಿಲ್ಲದಿದ್ದರೆ ತಿಳಿನೀರು ಕೆಲವೇ ವರ್ಷದ ಅತಿಥಿ. ಆಲಂನಂಥ ರಾಸಾಯನಿಕ ಹಾಕಿ ರಂಜಕವನ್ನು ಕಟ್ಟಿಹಾಕುವುದೂ ಇದೆ. ಪ್ರಮಾಣ ತಪ್ಪಿ ನೀರು ಆಮ್ಲವಾದರೆ ಆಲಂನಲ್ಲಿರುವ ಅಲ್ಯುಮಿನಿಯಂ ಮೀನುಗಳಿಗೇ ವಿಷ. ಪ್ರಯೋಗಾಲಯದ ಲೆಕ್ಕ ಇಲ್ಲದೆ ಅದನ್ನು ಮುಟ್ಟಬೇಡಿ. ಕಾರಂಜಿ ಹಾಕಿದರೆ ಬೇಸಿಗೆಯ ರಾತ್ರಿ ಮೀನುಗಳಿಗೆ ಉಸಿರು ಸಿಗಬಹುದು, ಅದು ಸಲೈನ್ ಬಾಟಲಿ ಇದ್ದಂತೆ. ಬಾಟಲಿಯಲ್ಲಿ ಮಾರುವ ಸೂಕ್ಷ್ಮಜೀವಿ ದ್ರಾವಣಗಳ ಬಗ್ಗೆ ನನ್ನನ್ನು ಕೇಳದಿರುವುದೇ ಒಳ್ಳೇದು. ನಾನು ನೋಡಿದ ಯಾವ ಕೆರೆಯಲ್ಲೂ ಅದರ ಪರಿಣಾಮ ಮುಂದಿನ ಬೇಸಿಗೆಯವರೆಗೆ ಉಳಿದಿಲ್ಲ.

ಮೀನು ಮರಿ? ಈ ಸಲ ಬೇಡ. ಮರಿ ಅಂತ ಸಾಮಾನ್ಯವಾಗಿ ಸಿಗುವುದು ಗೆಂಡೆ ಜಾತಿಯವು. ಕೆಲವು ತಳ ಕೆದಕುತ್ತವೆ, ಕೆಲವು ಆ ಪುಟ್ಟ ಚಿಗಟಗಳನ್ನು ನುಂಗುತ್ತವೆ, ಹುಲ್ಲು ಗೆಂಡೆಯಾದರೆ ಅಪ್ಪಿತಪ್ಪಿ ಚಿಗುರಿದ ಗಿಡವನ್ನೂ ಬಿಡುವುದಿಲ್ಲ. ಅದೂ ಅಲ್ಲದೆ, ಎರಡು ಬೇಸಿಗೆ ಮೀನು ಉಸಿರುಗಟ್ಟಿ ಸತ್ತ ನೀರಿಗೆ ಹೊಸ ಮರಿ ಬಿಟ್ಟರೆ ಮೂರನೇ ಬೇಸಿಗೆಯಲ್ಲಿ ಏನಾಗುತ್ತೆ ಅಂತ ನಿಮಗೇ ಗೊತ್ತು.

ಹಠ ಹಿಡಿದವರ ಕೈಗೆ ಬೇರೆ ಕೆಲಸ ಕೊಡಿ. 20 ಸೆಂಟಿಮೀಟರ್ ಅಗಲದ ಒಂದು ತಟ್ಟೆಗೆ ಕಪ್ಪು ಬಿಳುಪು ಕಾಲುಭಾಗಗಳಾಗಿ ಬಣ್ಣ ಬಳಿಯಿರಿ. ಭಾರ ಕಟ್ಟಿ, ಅಳತೆಯ ಹಗ್ಗದಲ್ಲಿ ಇಳಿಬಿಡಿ. ಕಣ್ಮರೆಯಾಗುವ ಆಳ ಬರೆದುಕೊಳ್ಳಿ. 1865ರಲ್ಲಿ ಆಂಜೆಲೊ ಸೆಕ್ಕಿ ಎಂಬ ಇಟಲಿಯ ಪಾದ್ರಿ ಶುರುಮಾಡಿದ ಉಪಾಯ ಇದು, ಇವತ್ತಿಗೂ ನಾವೆಲ್ಲ ಬಳಸುತ್ತೇವೆ. ಹದಿನೈದು ದಿನಕ್ಕೊಮ್ಮೆ, ಅದೇ ಮೂರು ಜಾಗದಲ್ಲಿ, ಮಧ್ಯಾಹ್ನದ ಹೊತ್ತಿಗೆ ಅಳೆಯಿರಿ. ತಿಂಗಳಿಗೊಮ್ಮೆ ಸೂರ್ಯ ಹುಟ್ಟುವ ಮುಂಚೆ ಆಮ್ಲಜನಕ ಅಳೆಯಿರಿ, ಉಪಕರಣ ಯಾವುದಾದರೂ ಕಾಲೇಜಿನಿಂದ ಎರವಲು ಸಿಗಬಹುದು. ಜೋರು ಮಳೆ ಬಂದು ನೀರು ಕದಡಿದಾಗ ಹಿಂದಿನ ಮಟ್ಟಕ್ಕೆ ತಿಳಿಯಾಗಲು ಎಷ್ಟು ದಿನ ಹಿಡಿಯಿತು ಅಂತ ಬೇರೆ ಪುಟದಲ್ಲಿ ಬರೆದಿಡಿ. ಒಳಹರಿವಿನ ಪ್ರತಿ ಬಾಯಿಯ ನೀರನ್ನೂ ಮಳೆಗಾಲದಲ್ಲಿ ಎರಡು ಸಲ, ಬೇಸಿಗೆಯಲ್ಲಿ ಒಂದು ಸಲ ರಂಜಕದ ಪರೀಕ್ಷೆಗೆ ಕಳಿಸಿ. ಎಲ್ಲಕ್ಕಿಂತ ಹೆಚ್ಚು ರಂಜಕ ತರುವ ಬಾಯಿ ಯಾವುದು ಅಂತ ಗೊತ್ತಾದ ದಿನ ನನಗೆ ಮತ್ತೆ ಬರೆಯಿರಿ. ಹೂಳಿನ ವಿಷಯ, ಮೀನಿನ ವಿಷಯ ಆಗ ಮಾತಾಡೋಣ.